ಕೊಂಡರೂ ನಮ್ಮದಲ್ಲ!

ಅಣ್ಣ ಓದಿದ ಬಿಇ ಪುಸ್ತಕಗಳನ್ನೇ ನಾನೀಗ ಓದುತ್ತಿದ್ದೇನೆ. ಮುಂದೆ ನಾರಾಯಣಪುರದ ಮನೆಯಲ್ಲಿರುವ ತಂಗಿಗೆ ಕೊಡುವೆ. ಆದರೆ ಚಂದಾ ಕಟ್ಟಿ ಓದಿದ ಇ-ಪುಸ್ತಕ ಅವಧಿ ಮುಗಿದ ಕೂಡಲೇ ಹೋಯಿತು. ಅದು ಬಾಡಿಗೆ, ಗೊತ್ತಿತ್ತು.

ಪೂರ್ತಿ ದುಡ್ಡು ಕೊಟ್ಟು ‘ಖರೀದಿಸಿದ್ದು’? ಕಥೆ ಕಟ್ಟುತ್ತಾ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ಕೊಂಡವರನ್ನು ಕೇಳಿ. 2024ರಲ್ಲಿ ಕಂಪನಿ ಅವರ ಪಾತ್ರಗಳ ಹಳೆಯ ಮಂತ್ರಗಳ ಜಾಗದಲ್ಲಿ ಹೊಸವನ್ನು ಹಾಕಲು ಹೊರಟಿತು. ಆಟಗಾರರು ತಿರುಗಿಬಿದ್ದ ಮೇಲಷ್ಟೇ ಹಿಂದೆ ಸರಿಯಿತು. ಕಪಾಟಿನ ಪುಸ್ತಕವನ್ನು ಯಾರೂ ಹೀಗೆ ಬದಲಿಸಲಾರರು.

ಸಿಗುವುದು ಪರವಾನಗಿ ಮಾತ್ರ ಎಂದು ತಿಳಿಸದೆ ಡಿಜಿಟಲ್ ಸರಕನ್ನು ‘ಖರೀದಿಸಿ’ ಎನ್ನುವಂತಿಲ್ಲ ಎಂಬ ಕಾನೂನು 2025ರಿಂದ ಕ್ಯಾಲಿಫೋರ್ನಿಯಾದಲ್ಲಿದೆ. ನಮ್ಮಲ್ಲೂ ಬರಲಿ. ಬಾಡಿಗೆ ತಪ್ಪಲ್ಲ, ಬಾಡಿಗೆಯನ್ನು ಮಾರಾಟ ಎನ್ನುವುದು ತಪ್ಪು.