ಪಂಪಿಗೂ ಬೇಕು ರೋಗನಿರ್ಣಯ

ಗಾಳಿ ತುಂಬದ ಸೈಕಲ್ ಪಂಪನ್ನು ಎಸೆದು ಹೊಸದನ್ನು ತರಿಸುವುದು ನಮ್ಮಲ್ಲಿ ಅನೇಕರ ರೂಢಿ. ಪರೀಕ್ಷಿಸದೆ ಕೈಬಿಡುವುದು ವೈದ್ಯರಾದ ನಮಗೆ ಒಪ್ಪಿತವಲ್ಲ.

ಹಿಡಿಕೆ ಬಿಗಿಯಾಗಿದ್ದೂ ಗಾಳಿ ಒಳಹೋಗದಿದ್ದರೆ ಮೊದಲು ವಾಲ್ವನ್ನು ನೋಡಬೇಕು. ಊರಿನ ಸೈಕಲ್ಲಿನ ವಾಲ್ ಟ್ಯೂಬಿಗೆ ಒಗ್ಗಿದವರಿಗೆ ಇಲ್ಲಿನ ವಾಲ್ವುಗಳು ಹೊಸವು. ತೆಳ್ಳನೆಯ ಪ್ರೆಸ್ಟಾದ ತುದಿಯ ತಿರುಪನ್ನು ಸಡಿಲಿಸಿ ಒಮ್ಮೆ ಒತ್ತಬೇಕು. ದಪ್ಪನೆಯ ಶ್ರೇಡರ್ ಆದರೆ ಪಂಪಿನ ಬಾಯಿ ಅದರೊಳಗಿನ ಕಡ್ಡಿಯನ್ನು ಒತ್ತುವಂತೆ ಕೂರಬೇಕು. ಹಿಡಿಕೆ ತಡೆಯಿಲ್ಲದೆ ಇಳಿದರೆ ಕೊಳವೆಯೊಳಗಿನ ವಾಷರ್ ಒಣಗಿರಬಹುದು ಅಥವಾ ಸವೆದಿರಬಹುದು. ಒಣಗಿದ ಚರ್ಮದ ವಾಷರಿಗೆ ಎರಡು ಹನಿ ಎಣ್ಣೆ ಅನೇಕ ವೇಳೆ ಸಾಕು. ಸವೆದಿದ್ದರೆ ವಾಷರನ್ನಷ್ಟೇ ಬದಲಿಸಿದರಾಯಿತು.

ಈ ಪರೀಕ್ಷೆಯನ್ನು ಮಕ್ಕಳ ಕೈಯಿಂದಲೇ ಮಾಡಿಸೋಣ. ಗಾಳಿಯಿಲ್ಲದ ಸೈಕಲ್ ಮೂಲೆ ಸೇರಿದರೆ ಅವರ ವ್ಯಾಯಾಮವೂ ಮೂಲೆ ಸೇರುತ್ತದೆ.