ಮರಳಿ ಹೇಳಿದ ಕಥೆ ಯಾರದು?

ಈಚೆಗೆ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ವ್ಯಾಜ್ಯ ನಡೆಯಿತು. ವಾದಿ ತಂದೆ, ಪ್ರತಿವಾದಿ ಮಗಳು. ವ್ಯಾಜ್ಯದ ವಸ್ತು ಹೊಲವಲ್ಲ, ಮನೆಯಲ್ಲ, ಲಗ್ನದ ಮಾತೂ ಅಲ್ಲ. ಅಮೆರಿಕದ ಒಂದು ಟಿ.ವಿ. ಧಾರಾವಾಹಿ. ಓದುಗ ಬಂಧುಗಳು ನಗಬಹುದು. ನಾವೂ ಮೊದಲು ನಕ್ಕೆವು. ಪ್ರಸಾದದ ವೇಳೆಯಾದರೂ ಇಬ್ಬರೂ ಮಾತು ನಿಲ್ಲಿಸದಿದ್ದಾಗ ನಗೆ ತಾನಾಗಿ ಅಡಗಿತು.

ತಂದೆ ನಮಗಿಂತ ಹತ್ತಾರು ವರ್ಷ ಹಿರಿಯರು, ನಮ್ಮ ಊರಿನವರೇ. 1977ರಲ್ಲಿ ಇಂಜಿನಿಯರಾಗಿ ಅಮೆರಿಕಕ್ಕೆ ಹೋದವರು. ಹೋದ ಮರುವರ್ಷ, 1978ರ ಸೆಪ್ಟೆಂಬರ್ 17ರ ಭಾನುವಾರ ಸಂಜೆ, ಎ.ಬಿ.ಸಿ. ವಾಹಿನಿಯಲ್ಲಿ 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ' ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ ಆರಂಭವಾಯಿತು. ಆ ರಾತ್ರಿ ಕಾರ್ಯಕ್ರಮವನ್ನು ನಡುವೆ ನಿಲ್ಲಿಸಿ, ಕ್ಯಾಂಪ್ ಡೇವಿಡ್‌ನಲ್ಲಿ ಈಜಿಪ್ಟ್ ಮತ್ತು ಇಸ್ರೇಲ್ ನಡುವೆ ಆದ ಒಪ್ಪಂದದ ಸುದ್ದಿಯನ್ನು ತೋರಿಸಿದರಂತೆ. ಅದನ್ನು ಅವರು ನಿನ್ನೆ ನಡೆದದ್ದೆಂಬಂತೆ ಹೇಳಿದರು.

ಕಥೆ ಇಷ್ಟು. ದೂರದ ಆಕಾಶದಲ್ಲಿ ಮಾನವರ ಹನ್ನೆರಡು ವಸಾಹತುಗಳು. ಸೈಲಾನರೆಂಬ ಯಂತ್ರಗಳೊಡನೆ ಅವರಿಗೆ ಬಹುಕಾಲದ ಯುದ್ಧ. ಸಂಧಾನದ ನೆವದಿಂದ ಮೋಸ ಮಾಡಿ ಯಂತ್ರಗಳು ಹನ್ನೆರಡನ್ನೂ ಸುಟ್ಟು ಹಾಕುತ್ತವೆ. ಉಳಿದ ಒಂದೇ ಯುದ್ಧನೌಕೆಯ ದಳಪತಿ ಅಡಾಮಾ, ಅಳಿದುಳಿದವರನ್ನು ಹಳೆಯ ಹಡಗುಗಳಲ್ಲಿ ತುಂಬಿಕೊಂಡು, ಕಳೆದುಹೋದ ಹದಿಮೂರನೆಯ ಕುಲ ನೆಲೆಸಿದೆಯೆಂದು ನಂಬಿದ ಭೂಮಿಯನ್ನು ಹುಡುಕುತ್ತ ಹೊರಡುತ್ತಾನೆ. ಹಿಂದೆ ಶತ್ರು, ಮುಂದೆ ಕತ್ತಲೆ.

"ಶಾಸ್ತ್ರಿಗಳೆ, ಅದನ್ನು ನೋಡಿದಾಗ ನನಗೆ ನೆನಪಾದದ್ದು ಉಳವಿ" ಎಂದರು ಅವರು. ಕಲ್ಯಾಣದಲ್ಲಿ ರಕ್ತ ಹರಿದ ಮೇಲೆ ಚೆನ್ನಬಸವಣ್ಣನವರ ಮುಂದಾಳತ್ವದಲ್ಲಿ, ವಚನದ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿ ಬಂದ ಸೈನ್ಯವನ್ನು ಎದುರಿಸುತ್ತ ಕಾಡಿನ ದಾರಿ ಹಿಡಿದ ಶರಣರ ಕಥೆಯನ್ನು ಬಾಲ್ಯದಲ್ಲಿ ಪುರಾಣದ ಕಟ್ಟೆಯ ಮೇಲೆ ಕೇಳಿದ ಮನುಷ್ಯ, ಪರದೇಶದ ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಕುಳಿತು ಅದನ್ನು ಟಿ.ವಿ.ಯಲ್ಲಿ ಕಂಡದ್ದು ಸಹಜವೇ. ಕನ್ನಡದ ಒಂದು ಮಾತು ಕಿವಿಗೆ ಬೀಳದ ದಿನಗಳವು. ವಾರಕ್ಕೊಮ್ಮೆ ಬರುತ್ತಿದ್ದ ಅಡಾಮಾನೇ ಅವರಿಗೆ ಮನೆಯ ಹಿರಿಯ. ಆ ಪಾತ್ರ ವಹಿಸಿದ ಲಾರ್ನ್ ಗ್ರೀನ್, ಮೊದಲೇ 'ಬೊನಾಂಜಾ'ದಲ್ಲಿ ತಂದೆಯ ಪಾತ್ರದಿಂದ ಅಮೆರಿಕದ ಮನೆಮಾತಾಗಿದ್ದವರು. ಪ್ರತಿ ಕಂತಿಗೆ ಸುಮಾರು 10 ಲಕ್ಷ ಡಾಲರ್ ಖರ್ಚಾಗುತ್ತಿದ್ದ ಈ ಧಾರಾವಾಹಿ ಒಂದೇ ಋತುವಿಗೆ, 1979ರ ವಸಂತದಲ್ಲಿ ನಿಂತುಹೋಯಿತು. ಆ ಜನ ಭೂಮಿಯನ್ನು ಮುಟ್ಟಲೇ ಇಲ್ಲ. 1980ರಲ್ಲಿ 'ಗ್ಯಾಲಕ್ಟಿಕಾ 1980' ಎಂಬ ಹೆಸರಿನಲ್ಲಿ ಹತ್ತು ಕಂತುಗಳು ಬಂದವು. ಅವುಗಳ ಸುದ್ದಿ ಎತ್ತಿದರೆ ಹಳೆಯ ಅಭಿಮಾನಿಗಳೂ ಮುಖ ತಿರುಗಿಸುತ್ತಾರಂತೆ.

ಇಪ್ಪತ್ತೈದು ವರ್ಷಗಳ ಮೇಲೆ, 2003ರ ಡಿಸೆಂಬರಿನಲ್ಲಿ, ಅದೇ ಹೆಸರಿನ ಹೊಸ ಕಥೆ ಎರಡು ರಾತ್ರಿಗಳ ಕಿರುಧಾರಾವಾಹಿಯಾಗಿ ಸೈ-ಫೈ ವಾಹಿನಿಯಲ್ಲಿ ಬಂದಿತು. ಬಳಿಕ ನಾಲ್ಕು ಋತುಗಳ ಧಾರಾವಾಹಿಯಾಗಿ 2009ರ ಮಾರ್ಚಿನವರೆಗೆ ನಡೆಯಿತು. ಹೊಸದನ್ನು ಕಟ್ಟಿದವರು ರೊನಾಲ್ಡ್ ಮೂರ್, ಹಿಂದೆ 'ಸ್ಟಾರ್ ಟ್ರೆಕ್' ಸರಣಿಗಳಿಗೆ ಕಥೆ ಬರೆದವರು. ಅವರು ಹೆಸರುಗಳನ್ನು ಉಳಿಸಿಕೊಂಡು ಒಳಗಿನದನ್ನು ಬದಲಿಸಿದರು. ಯಂತ್ರಗಳು ಈಗ ಮನುಷ್ಯನೇ ಮಾಡಿ ಮನುಷ್ಯನ ಮೇಲೆಯೇ ತಿರುಗಿ ಬಿದ್ದವು. ಅವುಗಳಲ್ಲಿ ಕೆಲವು ಮನುಷ್ಯರೂಪವನ್ನೇ ತಾಳಿ ಜನರ ನಡುವೆ ಬಾಳುತ್ತಿವೆ. ಎಲ್ಲಕ್ಕಿಂತ ಹೆಚ್ಚು ಗದ್ದಲವೆಬ್ಬಿಸಿದ್ದು ಸ್ಟಾರ್‌ಬಕ್ ಎಂಬ ವೈಮಾನಿಕನ ಪಾತ್ರ. ಚುಟ್ಟಾ ಸೇದುವ, ಇಸ್ಪೀಟಿನ ಚಟದ, ಹೆಂಗಳೆಯರ ಹಿಂದೆ ಸುತ್ತುವ, ಆದರೆ ಹೋರಾಟದಲ್ಲಿ ಎದೆಗೊಟ್ಟು ನಿಲ್ಲುವ ಗಂಡಸು ಮೂಲದ ಸ್ಟಾರ್‌ಬಕ್. ಹೊಸದರಲ್ಲಿ ಆ ಪಾತ್ರವೇ ಹೆಣ್ಣಾಯಿತು. ಚುಟ್ಟಾ, ಇಸ್ಪೀಟು, ಧೈರ್ಯ ಮೂರೂ ಉಳಿದವು.

ಆಗ ನಮ್ಮ ಮಿತ್ರರ ಮಗಳಿಗೆ ಹದಿನಾರು ವರ್ಷ. ಅಪ್ಪನ ಬಾಯಿಂದ ಈ ಕಥೆಯನ್ನು ಕೇಳುತ್ತಲೇ ಬೆಳೆದ ಕೂಸು. ಮೊದಲ ರಾತ್ರಿ ತಂದೆ-ಮಗಳು ಜೊತೆಗೆ ಕುಳಿತರು. ಎರಡನೆಯ ರಾತ್ರಿ ತಂದೆ ನಡುವೆಯೇ ಎದ್ದು ಒಳಗೆ ಹೋದರು. "ಕಾಕಾ, ಆ ರಾತ್ರಿ ಎದ್ದು ಹೋದವರು ಇನ್ನೂ ಬಂದು ಕುಂತಿಲ್ಲ" ಎಂದಳು ಆಕೆ. ಇಪ್ಪತ್ತು ವರ್ಷ ಮೀರಿದ ಮಾತಾದರೂ ಕಣ್ಣಲ್ಲಿ ನೀರಾಡಿತು. ಅಷ್ಟು ಹೊತ್ತಿಗೆ ನಮಗೆ ತಿಳಿಯಿತು, ವ್ಯಾಜ್ಯ ಧಾರಾವಾಹಿಯದಲ್ಲವೆಂದು.

ಈ ಜಗಳ ಒಂದು ಮನೆಯದಲ್ಲ. ಅಮೆರಿಕದ ಅಭಿಮಾನಿಗಳು ಹೊಸದು ಬರುವುದಕ್ಕೆ ಮೊದಲೇ ಎರಡು ಪಾಳೆಯವಾಗಿದ್ದರು. ಮೂಲದಲ್ಲಿ ಸ್ಟಾರ್‌ಬಕ್ ಆಗಿದ್ದ ಡರ್ಕ್ ಬೆನೆಡಿಕ್ಟ್ 2004ರಲ್ಲಿ ಕಟುವಾದ ಲೇಖನವನ್ನೇ ಬರೆದರು. ಗಂಡಸುತನವನ್ನೇ ಅಪರಾಧವೆಂದು ಬಗೆಯುವ ಕಾಲ ಬಂದಿತೆಂಬುದು ಅದರ ಧಾಟಿ. ನಮಗಿಲ್ಲಿ ಒಂದು ಸಂದೇಹ. ಗಂಡಸು ಚುಟ್ಟಾ ಸೇದಿ ಜೂಜಾಡಿದಾಗ ಆಹಾ ಎಂದವರಿಗೆ ಹೆಣ್ಣು ಅದನ್ನೇ ಮಾಡಿದಾಗ ಧರ್ಮಾಧರ್ಮಗಳ ನೆನಪಾಗುವುದೇಕೆ? (ಚುಟ್ಟಾ ಯಾರು ಸೇದಿದರೂ ಕೆಟ್ಟದ್ದೇ, ಆ ಮಾತು ಬೇರೆ.) ಅಕ್ಕನಾಗಮ್ಮನವರು ಉಳವಿಯ ದಾರಿಯ ದಂಡಿನಲ್ಲಿದ್ದರೆಂದು ಪರಂಪರೆ ಹೇಳುತ್ತದೆ. ಮಗಳು ಅದನ್ನೇ ತಂದೆಗೆ ನೆನಪಿಸಿದಳು: "ಉಳವಿ ಅಂತ ಹೇಳಿದವರು ನೀವೇ ಅಲ್ಲವೇ ಅಪ್ಪ, ಅಲ್ಲಿ ಹೆಣ್ಣುಮಕ್ಕಳು ಇರಲಿಲ್ಲವೇ?" ತಂದೆಗೆ ಉತ್ತರ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ.

ಆದರೂ ತಂದೆಯ ನೋವು ಸುಳ್ಳಲ್ಲ. ಅದನ್ನು ಅರಿಯಬೇಕಾದರೆ ರಿಚರ್ಡ್ ಹ್ಯಾಚ್ ಎಂಬ ನಟರ ಕಥೆ ಕೇಳಬೇಕು. ಮೂಲದಲ್ಲಿ ಅಡಾಮಾನ ಮಗ ಅಪೋಲೋ ಆಗಿದ್ದವರು ಅವರು. ಧಾರಾವಾಹಿ ನಿಂತ ಮೇಲೆ ಅದು ಮುಂದುವರಿಯಲಿ ಎಂದು ವರ್ಷಗಟ್ಟಲೆ ಹೆಣಗಿದರು. ಅದೇ ಕಥೆಯ ಮುಂದಿನ ಭಾಗವೆಂದು ಕಾದಂಬರಿಗಳನ್ನು ಬರೆದರು. 1999ರಲ್ಲಿ ಸ್ವಂತ ಹಣ ಹಾಕಿ, ಹಳೆಯ ಸಹನಟರಲ್ಲಿ ಕೆಲವರನ್ನು ಕೂಡಿಸಿ, ಹೀಗೆ ಮುಂದುವರಿಸಬಹುದೆಂದು ತೋರಿಸುವ ಒಂದು ಕಿರುಚಿತ್ರವನ್ನೂ ಮಾಡಿದರು. ಹಕ್ಕು ಇದ್ದ ಸಂಸ್ಥೆ ಒಲಿಯಲಿಲ್ಲ. ಹೊಸದಾಗಿಯೇ ಕಟ್ಟಲು ಮೂರ್ ಅವರಿಗೆ ಒಪ್ಪಿಸಿತು. ಹ್ಯಾಚ್‌ರಿಗೆ ಕಹಿಯಾಯಿತು. 2003ರಲ್ಲಿ ನಡೆದ ಅಭಿಮಾನಿಗಳ ಸಮಾವೇಶಕ್ಕೆ ಮೂರ್ ತಾವೇ ಬಂದು, ಸಿಟ್ಟಾಗಿದ್ದ ಸಭೆಯ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸಿದರು. ಆ ನೇರ ನಡೆ ಹ್ಯಾಚ್‌ರ ಮನಸ್ಸನ್ನು ಮುಟ್ಟಿತು. ಮರುವರ್ಷ ಅವರು ಅದೇ ಹೊಸ ಧಾರಾವಾಹಿಯಲ್ಲಿ ನಟಿಸಲು ಒಪ್ಪಿದರು, ಆದರೆ ಅಪೋಲೋ ಆಗಿ ಅಲ್ಲ. ಟಾಮ್ ಜಾರೆಕ್ ಎಂಬ ಬಂಡಾಯದ ಕೈದಿಯಾಗಿ.

ಆ ಕಂತನ್ನು ಮಗಳು ನಮಗೆ ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಸೆರೆಯ ಹಡಗಿನಲ್ಲಿ, ಹಳೆಯ ಅಪೋಲೋ ಕೈದಿಯಾಗಿ ಕುಳಿತು, ತನ್ನ ಹೆಸರನ್ನು ಹೊತ್ತು ಎದುರಿಗೆ ನಿಂತ ಹೊಸ ತರುಣನೊಡನೆ ಆ ಹೆಸರಿನ ಬಗೆಗೇ ಮಾತಾಡುತ್ತಾನೆ. ತಾನು ಜೀವ ತೇದ ಹೆಸರು ಇನ್ನೊಬ್ಬನ ಮೈಮೇಲೆ. ನಾವು ಆ ದೃಶ್ಯವನ್ನು ಎರಡು ಬಾರಿ ನೋಡಿದೆವು. ಮಠದಲ್ಲಿ ಪಟ್ಟ ಬಿಟ್ಟುಕೊಟ್ಟು ಕಿರಿಯರ ಮುಂದೆ ಕೆಳಗೆ ಕುಳಿತ ಹಿರಿಯರನ್ನು ನಾವು ಕಂಡಿದ್ದೇವೆ. ಅದು ಸುಲಭದ ಕೆಲಸವಲ್ಲ. ಹ್ಯಾಚ್ 2017ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರನ್ನು ದ್ರೋಹಿ ಎಂದವರೂ ಇದ್ದರೆಂದು ತಂದೆಯೇ ಹೇಳಿದರು. "ನೀವು?" ಎಂದು ಕೇಳಿದೆವು. ಅವರು ತಲೆ ತಗ್ಗಿಸಿದರು.

ಮೂಲ ಮೂಲವೆಂದು ನಾವು ಎದೆ ತಟ್ಟಿಕೊಳ್ಳುವುದರಲ್ಲಿಯೂ ಒಂದು ತೊಡಕಿದೆ. 1978ರ ಈ ಮೂಲವೇ 'ಸ್ಟಾರ್ ವಾರ್ಸ್' ಚಲನಚಿತ್ರದ ನಕಲೆಂದು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ಅದೇ ವರ್ಷ ಯುನಿವರ್ಸಲ್ ಸಂಸ್ಥೆಯ ಮೇಲೆ ದಾವೆ ಹೂಡಿತ್ತು. ಕೆಳಗಿನ ನ್ಯಾಯಾಲಯ ನಕಲಲ್ಲವೆಂದಿತು, 1983ರಲ್ಲಿ ಮೇಲಿನ ನ್ಯಾಯಾಲಯ ವಿಚಾರಣೆಯಾಗಲಿ ಎಂದಿತು, ಕೊನೆಗೆ ರಾಜಿಯಾಯಿತು. ಇನ್ನು ಅದನ್ನು ಸೃಷ್ಟಿಸಿದ ಗ್ಲೆನ್ ಲಾರ್ಸನ್ ಮಾರ್ಮನ್ ಪಂಥದವರು. ಕಥೆಯಲ್ಲಿ ಮಾನವರ ಮೂಲನೆಲೆಯಾದ ಕೋಬಾಲ್ ಎಂಬ ಹೆಸರು, ಆ ಪಂಥದ ಗ್ರಂಥದಲ್ಲಿ ಬರುವ ಕೋಲಾಬ್ ಎಂಬುದರ ತಿರುವು. ಹನ್ನೆರಡು ವಸಾಹತುಗಳ ಹೆಸರು ದ್ವಾದಶ ರಾಶಿಗಳಿಂದ ಬಂದವು. ಹೀಗೆ ಮೂಲವೂ ತನ್ನ ಹಿಂದಿನವರಿಂದ ಎರವಲು ತಂದದ್ದೇ.

ಇದು ನಮ್ಮವರಿಗೆ ಹೊಸದಲ್ಲ. ನಾವು ಮಠದ ವಿದ್ಯಾರ್ಥಿಗಳಾಗಿದ್ದಾಗ ಶ್ರಾವಣದ ಸಂಜೆಗಳಲ್ಲಿ ಚಾಮರಸನ ಪ್ರಭುಲಿಂಗಲೀಲೆಯ ವಾಚನ ನಡೆಯುತ್ತಿತ್ತು. ಅಲ್ಲಿಯ ಅಲ್ಲಮಪ್ರಭು ಮಾಯೆಯ ಕೈಗೆ ಎಂದೂ ಸಿಕ್ಕದವನು. ಬನವಾಸಿಯಲ್ಲಿ ಮದ್ದಳೆ ಬಾರಿಸುತ್ತ ಆಕೆಯ ಮುಂದೆಯೇ ಇದ್ದು, ಮುಟ್ಟಲು ಹೋದರೆ ಇಲ್ಲದವನು. ಅವನೇ ನಮ್ಮ ಅಲ್ಲಮ. ಹದಿನೇಳನೆಯ ವಯಸ್ಸಿನಲ್ಲಿ, ಮಠದ ಗ್ರಂಥಭಂಡಾರದಲ್ಲಿ ಹರಿಹರನ ಪ್ರಭುದೇವರ ರಗಳೆ ಕೈಗೆ ಸಿಕ್ಕಿತು. ಅಲ್ಲಿಯ ಅಲ್ಲಮ ಕಮಲತೆಯನ್ನು ಪ್ರೀತಿಸಿ ವರಿಸುತ್ತಾನೆ. ಆಕೆ ಜ್ವರದಿಂದ ತೀರಿಹೋದಾಗ ಹುಚ್ಚನಂತೆ ಅಲೆಯುತ್ತಾನೆ. ಆ ಅಲೆದಾಟದಲ್ಲಿಯೇ ನೆಲದೊಳಗೆ ಹುದುಗಿದ ಗುಡಿಯೊಂದರಲ್ಲಿ ಅನಿಮಿಷಯ್ಯನಿಂದ ಲಿಂಗವನ್ನು ಪಡೆಯುತ್ತಾನೆ. ಪುಸ್ತಕ ಮುಚ್ಚಿದಾಗ ನಮ್ಮ ಕೈ ನಡುಗುತ್ತಿತ್ತು. ಯಾರೋ ನಮ್ಮ ಪ್ರಭುವನ್ನು ಕೆಡಿಸಿದರೆಂದೇ ಭಾವಿಸಿದೆವು. ಹರಿಹರನೇ ಹಿಂದಿನವನು, ಚಾಮರಸನೇ ಮರಳಿ ಹೇಳಿದವನು ಎಂಬುದು ಆಗ ನೆನಪಿಗೇ ಬರಲಿಲ್ಲ. ಮೊದಲು ಕಿವಿಗೆ ಬಿದ್ದದ್ದೇ ಮೂಲವೆಂದು ಮನಸ್ಸು ಹಟ ಹಿಡಿದಿತ್ತು. ಗುರುಗಳ ಬಳಿ ಓಡಿ, ಯಾವುದು ನಿಜವೆಂದು ಕೇಳಿದೆವು. ಅವರು ಪೂಜೆಗೆ ಹೊರಟಿದ್ದರು. "ಎರಡನ್ನೂ ಓದು" ಎಂದಷ್ಟೇ ಹೇಳಿ ನಡೆದರು.

ಶೂನ್ಯಸಂಪಾದನೆಯ ಮಾತೂ ಅಷ್ಟೇ. ಶಿವಗಣಪ್ರಸಾದಿ ಮಹಾದೇವಯ್ಯನವರು ವಚನಗಳನ್ನು ಸಂವಾದವಾಗಿ ಹೊಸೆದರು. ಅವರ ಬಳಿಕ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ಅದನ್ನು ತಿದ್ದಿ, ಕೂಡಿಸಿ, ಮತ್ತೆ ಕಟ್ಟಿದರು. ಹಿಂದಿನದು ಸಾಲದೆಂದು ಅನಿಸಿದ್ದರಿಂದಲೇ ಕಟ್ಟಿದರು. ಆ ಕಾಲದ ಭಕ್ತರಲ್ಲಿಯೂ ಎದ್ದು ಹೋದವರು ಇದ್ದಿರಬೇಕು.

ಹಾಗೆಂದು ಹೊಸದೆಲ್ಲವೂ ಸರಿಯೆಂದು ನಾವು ಹೇಳಲಾರೆವು. ಮಗಳು ತೋರಿಸಿದ ಹತ್ತು ಹನ್ನೆರಡು ಕಂತುಗಳಲ್ಲಿ ಮಕ್ಕಳೊಡನೆ ಕುಳಿತು ನೋಡಲಾಗದ ದೃಶ್ಯಗಳು ಸಾಕಷ್ಟಿವೆ. ಮನೆಯವರು ಇದನ್ನು ಅರಿತಿರಲಿ. ಶೀರ್ಷಿಕೆಯ ಸಂಗೀತ ಕೇಳಿದಾಗ ನಾವು ಬೆಚ್ಚಿದೆವು. ಅದರಲ್ಲಿ ಗಾಯತ್ರೀ ಮಂತ್ರವನ್ನು ಹಾಡಿಸಿದ್ದಾರೆ! ಜನಿವಾರವನ್ನು ಬಿಟ್ಟು ಬಂದ ಬಸವಣ್ಣನವರ ಅನುಯಾಯಿಗಳಿಗೆ, ಮಂತ್ರ ಯಾರ ಬಾಯಲ್ಲಿ ಬಂದರೂ ಮೈಲಿಗೆಯೆಂಬ ಭಾವನೆಯಿಲ್ಲ. ಆದರೂ ಅರ್ಥ ಗೊತ್ತಿಲ್ಲದ ಪ್ರೇಕ್ಷಕನ ಕಿವಿಗೆ ಒಂದು ಬಗೆಯ ಗಾಂಭೀರ್ಯ ತುಂಬಲು ಯಾರದೇ ಪ್ರಾರ್ಥನೆಯನ್ನು ತಂದು ಅಂಟಿಸುವುದು ನಮಗೆ ಹಿಡಿಸಲಿಲ್ಲ.

ಇನ್ನೊಂದು ಬದಲಾವಣೆ ಮಾತ್ರ ನಮ್ಮನ್ನು ಬಹಳ ಹೊತ್ತು ಕಾಡಿತು. ಹೊಸ ಕಥೆಯಲ್ಲಿ ಮನುಷ್ಯರು ಹಲವು ದೇವರನ್ನು ಪೂಜಿಸುತ್ತಾರೆ. ಅವರನ್ನು ಕೊಲ್ಲುವ ಯಂತ್ರಗಳು ದೇವನೊಬ್ಬನೇ ಎನ್ನುತ್ತವೆ. ಏಕದೇವನಿಷ್ಠೆಯೇ ಉಸಿರಾದ ಮನೆಯಲ್ಲಿ ಹುಟ್ಟಿದ ನಮಗೆ, ಆ ಮಾತು ಕೋಟ್ಯಂತರ ಜನರನ್ನು ಸುಟ್ಟವರ ಬಾಯಲ್ಲಿ ಬಂದಾಗ ಹೇಗಾಗಬೇಡ? ಸಿಟ್ಟು ಬಂದಿತು. ರಾತ್ರಿ ಲಿಂಗಪೂಜೆಗೆ ಕುಳಿತಾಗಲೂ ಅದೇ ತಲೆಯಲ್ಲಿತ್ತು. ದಯೆಯಿಲ್ಲದ ಕೈಗೆ ಸಿಕ್ಕರೆ ನಮ್ಮ ನಿಷ್ಠೆಯೂ ಏನಾದೀತು ಎಂಬ ಪ್ರಶ್ನೆಯನ್ನು ಪುರಾಣಪ್ರವಚನವೊಂದು ನಮಗೆ ಕೇಳಿ ಎಷ್ಟೋ ವರ್ಷವಾಗಿತ್ತು. ಹಳೆಯ ಧಾರಾವಾಹಿಯಲ್ಲಿ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ. ಅಲ್ಲಿಯ ಯಂತ್ರಗಳು ಬರಿಯ ಯಂತ್ರಗಳು. 2001ರ ಸೆಪ್ಟೆಂಬರಿನ ದಾಳಿ, ಇರಾಕಿನ ಯುದ್ಧ ಇವುಗಳ ನಡುವೆ ಬಾಳಿದ ಜನ ತಮ್ಮ ಕಾಲದ ಭಯವನ್ನು ಹಳೆಯ ಪಾತ್ರೆಗೆ ಸುರಿದರು. 2009ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ನ್ಯೂಯಾರ್ಕ್ ಕಚೇರಿಯಲ್ಲಿ ಈ ಧಾರಾವಾಹಿಯನ್ನು ಮುಂದಿಟ್ಟುಕೊಂಡು ಮಾನವ ಹಕ್ಕುಗಳ ಚರ್ಚೆಯೇ ನಡೆಯಿತು. ಒಂದು ಟಿ.ವಿ. ಕಥೆಗೆ ಇದು ಸಣ್ಣ ಗೌರವವಲ್ಲ.

ಸಂಜೆ ಚಹಾದ ಹೊತ್ತಿಗೆ ವ್ಯಾಜ್ಯಕ್ಕೆ ಬೇರೊಂದು ತಿರುವು ಬಂದಿತು. 2019ರಲ್ಲಿ ಪೀಕಾಕ್ ಎಂಬ ವಾಹಿನಿಗಾಗಿ ಇದೇ ಕಥೆಯ ಮೂರನೆಯ ಅವತಾರ ಬರುತ್ತದೆಂದು ಪ್ರಕಟವಾಗಿತ್ತು. 2024ರಲ್ಲಿ ಆ ವಾಹಿನಿ ಅದನ್ನು ಕೈಬಿಟ್ಟಿತು. ತಂದೆ ಇದನ್ನು ಹೇಳುತ್ತಿದ್ದಂತೆಯೇ ಮಗಳು, "ಬಿಟ್ಟದ್ದೇ ಒಳ್ಳೆಯದಾಯಿತು. ಅಷ್ಟು ಚೆಂದ ಮುಗಿದದ್ದನ್ನು ಮತ್ತೆ ಯಾಕೆ ಕೆದಕಬೇಕು?" ಎಂದಳು. ಹೇಳಿದ ಮೇಲೆ ತಾನೇ ಬಾಯಿಗೆ ಕೈ ಮುಚ್ಚಿಕೊಂಡಳು. ಅಪ್ಪ ಅವಳ ಮುಖ ನೋಡಿದರು, ಅವಳು ಅಪ್ಪನ ಮುಖ. ನಮ್ಮ ಮನೆಯವರು ಮೊದಲು ನಕ್ಕರು.

ಮರುದಿನ ಅವರು ಊರಿಗೆ ಹೊರಡುವ ಮುನ್ನ ತಂದೆ ನಮ್ಮನ್ನು ಬದಿಗೆ ಕರೆದು, ಒಟ್ಟು ಎಷ್ಟು ಕಂತುಗಳಿವೆ ಎಂದು ಮಗಳನ್ನು ಕೇಳಲು ಸಂಕೋಚವಾಗುತ್ತಿದೆ, ನೀವೇ ಕೇಳಿ ಹೇಳಿ ಎಂದರು. ನಾವು ಕೇಳಲಿಲ್ಲ. ನೀವೇ ಕೇಳಿ ಎಂದೆವು. ಕಾರಿನ ಬಾಗಿಲು ಹಾಕುವಾಗ ಅವರು ಮುಂದಿನ ಸೀಟು ಬಿಟ್ಟು, ಹಿಂದೆ ಮಗಳ ಪಕ್ಕದಲ್ಲಿ ಕುಳಿತದ್ದನ್ನು ಕಂಡೆವು.