ಅಂಚಿನ ತಪ್ಪನ್ನು ಹೇಳುವವರು ಯಾರು?

ಹಿಂದಿನ ಅಚ್ಚುಪುಸ್ತಕಗಳ ಕೊನೆಯಲ್ಲಿ ‘ತಪ್ಪು – ಒಪ್ಪು’ ಎಂಬ ಒಂದು ಪುಟವಿರುತ್ತಿದ್ದಿತು. ಓದತೊಡಗುವ ಮೊದಲು ಆ ಪುಟವನ್ನು ತೆರೆದಿಟ್ಟುಕೊಂಡು, ಸೀಸದಕಡ್ಡಿಯಿಂದ ಒಳಗಿನ ತಪ್ಪುಗಳನ್ನು ತಿದ್ದಿಕೊಳ್ಳುವ ವಾಚಕರು ನಮ್ಮಲ್ಲಿ ಇದ್ದರು. ಪಟ್ಟಿಯಲ್ಲಿಲ್ಲದ ತಪ್ಪೊಂದು ಕಣ್ಣಿಗೆ ಬಿದ್ದರೆ ಪ್ರಕಾಶಕರಿಗೆ ಒಂದು ಕಾರ್ಡು ಬರೆಯುವುದೂ ಉಂಟು. ಆ ಕಾರ್ಡಿನಿಂದ ಬರೆದವನಿಗೆ ಯಾವ ಲಾಭವೂ ಇಲ್ಲ. ಮುಂದಿನ ಮುದ್ರಣವನ್ನು ಓದಲಿರುವ, ಮುಖವರಿಯದ ಒಬ್ಬನಿಗೆ ಅದರ ಫಲ. ಇಂದು ಕನ್ನಡದ ಬರೆಹದ ಬಹುಭಾಗವು ಕಾಗದವನ್ನು ಕಾಣುವ ಮೊದಲೇ ಗಣಕಯಂತ್ರದ ಒಳಹೊಕ್ಕು ಹೊರಬರುತ್ತದೆ. ಆ ಯಂತ್ರದ ತಪ್ಪು–ಒಪ್ಪಿನ ಪುಟವನ್ನು ಬರೆಯುವವರು ಯಾರು? ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನೂರಾರು ಮನೆಗಳಿಂದ ಬೆಂಗಳೂರಿಗೂ ಹೊರದೇಶಗಳಿಗೂ ಹೋಗಿ ಪ್ರೋಗ್ರಾಮು ಬರೆದು ಜೀವಿಸುವ ತರುಣರಿರುವಾಗ ಈ ಪ್ರಶ್ನೆ ನಮಗೆ ಹೊರಗಿನದಲ್ಲ.

ಪ್ರತಿಯೊಂದು ಪ್ರೋಗ್ರಾಮಿಂಗ್ ಭಾಷೆಯೂ ತನ್ನೊಡನೆ ಸಿದ್ಧ ಸಲಕರಣೆಗಳ ಒಂದು ಕಣಜವನ್ನು ತರುತ್ತದೆ. ಅದನ್ನು ಸ್ಟ್ಯಾಂಡರ್ಡ್ ಲೈಬ್ರರಿ ಎನ್ನುತ್ತಾರೆ. ಪದಗಳನ್ನು ಬೇರ್ಪಡಿಸುವುದು, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವುದು, ದಿನಾಂಕವನ್ನು ಎಣಿಸುವುದು ಮೊದಲಾದ ಕೆಲಸಗಳನ್ನು ಪ್ರತಿಯೊಬ್ಬನೂ ಹೊಸತಾಗಿ ಬರೆಯುವುದಿಲ್ಲ, ಕಣಜದಿಂದ ಎತ್ತಿಕೊಳ್ಳುತ್ತಾನೆ. ಸಾವಿರ ಮಂದಿ ಸಾವಿರ ಬಗೆಯಲ್ಲಿ ಬಳಸಿ ನೋಡಿದ ಸಲಕರಣೆಯಲ್ಲಿ ನಡುಹಾದಿಯ ತಪ್ಪುಗಳು ಉಳಿಯುವುದು ವಿರಳ. ಉಳಿಯುವುದು ಅಂಚಿನಲ್ಲಿ: ಯಾರೂ ಕೊಡದಷ್ಟು ದೊಡ್ಡ ಸಂಖ್ಯೆ, ಬರಿದಾದ ಪಟ್ಟಿ, ಯಾರೂ ಎಣಿಸಿರದ ಲಿಪಿ.

ಜಾವಾ ಭಾಷೆಯ ಕಣಜದಲ್ಲಿ, ಜೋಡಿಸಿಟ್ಟ ಪಟ್ಟಿಯನ್ನು ಎರಡಾಗಿ ಸೀಳುತ್ತ ಹುಡುಕುವ ಸಲಕರಣೆಯೊಂದಿದೆ. ಆರಂಭ ಮತ್ತು ಅಂತ್ಯದ ಸ್ಥಾನಗಳನ್ನು ಕೂಡಿ ಎರಡರಿಂದ ಭಾಗಿಸುವ ಒಂದೇ ಸಾಲಿನಲ್ಲಿ ಅದರ ದೋಷ ಅಡಗಿದ್ದಿತು. ಮೊತ್ತವು 2,14,74,83,647ನ್ನು ಮೀರಿದೊಡನೆ ಅದು ಋಣಸಂಖ್ಯೆಯಾಗಿ ತಿರುಗುತ್ತಿದ್ದಿತು. ನೂರೇಳು ಕೋಟಿಗಿಂತ ಹೆಚ್ಚು ನಮೂದುಗಳ ಪಟ್ಟಿ ಸಿಗುವವರೆಗೆ ಈ ತಪ್ಪು ತಲೆಯೆತ್ತುವಂತಿರಲಿಲ್ಲ. ಸುಮಾರು ಒಂಬತ್ತು ವರ್ಷ ಅದು ಮಲಗಿಯೇ ಇದ್ದಿತು. ಕೊನೆಗೆ ಯಾರದೋ ಪ್ರೋಗ್ರಾಮು ಮುರಿದು, ಅವರು ದೂರು ಕೊಟ್ಟುದರಿಂದ ಅದು ಹೊರಬಿದ್ದಿತು. ಆ ಸಲಕರಣೆಯನ್ನು ಬರೆದ ಜೋಶುವಾ ಬ್ಲಾಕ್ ಎಂಬವರೇ 2006ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ದೂರು ಕೊಟ್ಟವನು ತನ್ನ ಮನೆಯ ಮಟ್ಟಿಗೆ ಒಂದು ತೇಪೆ ಹಾಕಿ ಸುಮ್ಮನಾಗಿದ್ದರೆ?

ಈಗ ನಮ್ಮ ಊರಿನ ಹೆಸರುಗಳಿಗೆ ಬರೋಣ. ಪೈಥಾನ್ ಎಂಬುದು ಇಂದು ಕಾಲೇಜುಗಳಲ್ಲಿ ಹೆಚ್ಚಾಗಿ ಕಲಿಸುವ ಭಾಷೆ. ಅದರ ಕಣಜದಲ್ಲಿ ಪದದೊಳಗಿನ ಅಕ್ಷರವನ್ನು ಗುರುತಿಸಲು ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’ ಎಂಬ ಸಂಕೇತವಿದೆ. ಇಂಗ್ಲಿಷ್ ವಾಕ್ಯವನ್ನು ಕೊಟ್ಟರೆ ಅದು ಪದಪದವಾಗಿ ಬಿಡಿಸಿಕೊಡುತ್ತದೆ. ‘ಕುಂದಾಪುರ’ ಎಂದು ಕೊಟ್ಟರೆ ಸಿಗುವುದು ಒಂದು ಪದವಲ್ಲ, ನಾಲ್ಕು ಚೂರು: ಕ, ದ, ಪ, ರ. ‘ಬೈಂದೂರು’ ಎಂಬುದು ಬ, ದ, ರ ಆಗುತ್ತದೆ. ‘ಬ್ರಹ್ಮಾವರ’ವಂತೂ ಬ, ರಹ, ಮ, ವರ ಎಂದು ಒಡೆಯುತ್ತದೆ. ಗುಣಿತದ ಚಿಹ್ನೆ, ಅನುಸ್ವಾರ, ವಿರಾಮ ಇವನ್ನು ಆ ಸಂಕೇತವು ಪದದ ಅಂಗವೆಂದು ಒಪ್ಪದೆ ಇರುವುದೇ ಕಾರಣ. ವಿನೋದವೆಂದರೆ, ಅದೇ ಪೈಥಾನಿನಲ್ಲಿ ‘ಕುಂದಾಪುರ’ ಎಂಬುದನ್ನು ಒಂದು ಚರದ ಹೆಸರಾಗಿ ಬಳಸಬಹುದು. ಅಲ್ಲಿ ಅದು ಅಖಂಡವಾದ ಪದ! ಒಂದೇ ಭಾಷೆಯ ಒಂದು ಕೈ ಒಪ್ಪಿದುದನ್ನು ಇನ್ನೊಂದು ಕೈ ಹರಿದುಹಾಕುತ್ತದೆ.

ಆಷಾಢದ ಅಮಾವಾಸ್ಯೆಯಂದು ನಾವು ವಿಶ್ವ ಕುಂದಾಪ್ರ ಕನ್ನಡ ದಿನವನ್ನು ಸಂಭ್ರಮದಿಂದ ಆಚರಿಸುತ್ತೇವೆ. ಕೊನೆಯ ಸ್ವರವನ್ನು ನುಂಗಿ ಮೊಟಕಾಗಿ ನುಡಿಯುವುದು ಆ ಆಡುನುಡಿಯ ಸೊಗಸು. ‘ಹೋಗಬೇಕು’ ಎಂಬುದು ‘ಹೋಯ್ಕ್’ ಆಗುತ್ತದೆ. ಈ ಪುಟ್ಟ ಪದವನ್ನು ಆ ಸಂಕೇತಕ್ಕೆ ಒಪ್ಪಿಸಿದರೆ ಉಳಿಯುವುದು ಹ, ಯ, ಕ. ಪದಕೋಶವನ್ನು ಕಟ್ಟುವವನಿಗೆ, ನುಡಿಯ ಬಳಕೆಯನ್ನು ಎಣಿಸುವವನಿಗೆ, ಹೆಸರಿನ ಪಟ್ಟಿಯಲ್ಲಿ ಒಬ್ಬ ಮನುಷ್ಯನನ್ನು ಹುಡುಕುವವನಿಗೆ ಇದರಿಂದಾಗುವ ಹಾನಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಚು ಎಂಬುದು ನೋಡುವವನ ನಿಲುವನ್ನು ಅವಲಂಬಿಸಿದ ಮಾತು. ಅದನ್ನು ಬರೆದವನಿಗೆ ಕನ್ನಡವು ಅಂಚು. ನಮಗೆ ಅದು ಮನೆಯ ನಡುಕೋಣೆ.

ಹೀಗಿರಲು ನಮ್ಮವರು ಮಾಡುವುದೇನು? ತೊಂದರೆಯನ್ನು ಕಂಡ ಕನ್ನಡಿಗನು ತನ್ನ ಪ್ರೋಗ್ರಾಮಿನಲ್ಲಿ ಎರಡು ಸಾಲು ಹೆಚ್ಚು ಬರೆದು ದಾಟಿಹೋಗುತ್ತಾನೆ. ಹೊರಗಿನವರು ಬರೆದ ಬೇರೊಂದು ಲೈಬ್ರರಿ ಇದೇ ಕೆಲಸವನ್ನು ಸರಿಯಾಗಿ ಮಾಡುತ್ತದೆಯೆಂದು ತಿಳಿದು ಅದನ್ನು ತಂದುಕೊಳ್ಳುತ್ತಾನೆ. ಅವನ ಜಾಣತನವನ್ನು ಅಲ್ಲಗಳೆಯಲಾಗದು. ಸಂಜೆಯೊಳಗೆ ಕೆಲಸ ಮುಗಿಸಿ ಕೊಡಬೇಕಾದವನು ಬೇರೇನು ಮಾಡಿಯಾನು? ಆದರೆ ಮರುದಿನ ಇನ್ನೊಬ್ಬನು ಅದೇ ಗುಂಡಿಗೆ ಬೀಳುತ್ತಾನೆ. ದೋಷಪಟ್ಟಿಯಲ್ಲಿ ಕನ್ನಡದ ಹೆಸರಿಲ್ಲದುದನ್ನು ಕಂಡು, ಲೈಬ್ರರಿಯನ್ನು ನೋಡಿಕೊಳ್ಳುವವರು ಕನ್ನಡಿಗರಿಗೆ ತೊಂದರೆಯೇ ಇಲ್ಲವೆಂದು ಭಾವಿಸಿದರೆ ಅವರನ್ನು ದೂರುವ ಹಕ್ಕು ನಮಗೆಲ್ಲಿಯದು?

ಸುಮ್ಮನಿದ್ದರೆ ಆಗುವುದೇನೆಂಬುದಕ್ಕೆ ಒಂದು ನಿದರ್ಶನ ಕಣ್ಣಮುಂದಿದೆ. ಹಳಗನ್ನಡದ ‘ೞ’ ಅಕ್ಷರವನ್ನು ಬಲ್ಲವರು ಬಲ್ಲರು. ಕೇಶಿರಾಜನು ರೞ, ಕುಳ, ಕ್ಷಳಗಳೆಂದು ಭೇದವನ್ನೆಣಿಸಿದ ಅಕ್ಷರವದು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟ ಯೂನಿಕೋಡ್ ಸಂಸ್ಥೆಯು ಈ ಅಕ್ಷರಕ್ಕೂ ಸ್ಥಾನ ಕೊಟ್ಟಿತು. ಆದರೆ ಹೆಸರನ್ನು ಮಾತ್ರ ‘ಕನ್ನಡ ಲೆಟರ್ ಫ’ ಎಂದು ಬರೆದುಬಿಟ್ಟಿತು. ಎಲ್ಲಿಯ ೞ, ಎಲ್ಲಿಯ ಫ! ಒಮ್ಮೆ ಕೊಟ್ಟ ಹೆಸರನ್ನು ಮುಂದೆಂದೂ ಬದಲಿಸಬಾರದೆಂಬ ನಿಯಮವು 1996ರ ಎರಡನೆಯ ಆವೃತ್ತಿಯಿಂದ ಜಾರಿಗೆ ಬಂದುದರಿಂದ ತಪ್ಪು ಹೆಸರೇ ಶಾಶ್ವತವಾಯಿತು. ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ತೃಪ್ತಿಪಡಬೇಕಾಯಿತು. ಇಂದಿಗೂ ಪೈಥಾನನ್ನು ಈ ಅಕ್ಷರದ ಹೆಸರೇನೆಂದು ಕೇಳಿದರೆ ಅದು ‘ಫ’ ಎಂದೇ ಉತ್ತರಿಸುತ್ತದೆ. ತಿದ್ದುವುದಕ್ಕೂ ಒಂದು ಕಾಲವಿದೆ. ಅದು ಕಳೆದ ಮೇಲೆ ತಪ್ಪೇ ಶಾಸನವಾಗುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ಈಚಿನದು. ಓದುವವನ ಕಣ್ಣಿಗೆ ಒಂದೇ ಅಕ್ಷರವಾಗಿ ತೋರುವ ಒತ್ತಕ್ಷರವನ್ನು ಒಡೆಯದೆ ಹಿಡಿಯಬೇಕೆಂಬ ನಿಯಮವು 2023ರ 15.1ನೆಯ ಯೂನಿಕೋಡ್ ಆವೃತ್ತಿಯಲ್ಲಿ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಈ ಆರು ಲಿಪಿಗಳು ಅದರ ಫಲವನ್ನು ಪಡೆದವು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಆ ನಿಯಮದಂತೆ ಬ್ರಹ್ಮಾವರದ ಹೆಸರನ್ನು ತೆಲುಗು ಲಿಪಿಯಲ್ಲಿ ಬರೆದರೆ ನಾಲ್ಕು ಅಕ್ಷರ. ಕನ್ನಡದಲ್ಲಿ ಬರೆದರೆ ಬ್, ರ, ಹ್, ಮಾ, ವ, ರ ಎಂದು ಆರು. ಅಕ್ಕಪಕ್ಕದ ಎರಡು ಲಿಪಿಗಳ ರಚನೆ ಒಂದೇ ಬಗೆಯದಾಗಿರುವಾಗ ಈ ವ್ಯತ್ಯಾಸವನ್ನು ಎತ್ತಿ ತೋರಿಸಬೇಕಾದವರು ಕನ್ನಡ ಬಲ್ಲವರಲ್ಲದೆ ಮತ್ತಾರು?

ದೂರುವುದಕ್ಕೂ ಒಂದು ಧರ್ಮವಿದೆ. ಕಂಡದ್ದೆಲ್ಲ ದೋಷವಲ್ಲ. ‘ಬೈಂದೂರು’ ಎಂಬ ಹೆಸರನ್ನೇ ನೋಡಿರಿ. ಮೊದಲಕ್ಷರದ ಐತ್ವವನ್ನು ಒಂದೇ ಚಿಹ್ನೆಯಾಗಿ ಬರೆದರೆ ಗಣಕದ ಎಣಿಕೆಗೆ ಏಳು ಸಂಕೇತಗಳು. ಎತ್ವ ಮತ್ತು ಕೆಳಗಿನ ಗುರುತು ಎಂದು ಬಿಡಿಸಿ ಬರೆದರೆ ಎಂಟು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ. ಎರಡನ್ನೂ ಒಂದು ರೂಪಕ್ಕೆ ತರುವ ಸಲಕರಣೆಯು ಕಣಜದಲ್ಲಿಯೇ ಇದೆ. ಅದನ್ನು ಓದಿ ತಿಳಿಯದೆ ದೂರು ಬರೆದರೆ ಬರೆದವನ ಮಾತಿನ ತೂಕ ಇಳಿಯುತ್ತದೆ. ಆದುದರಿಂದ ಮೊದಲು ಕೈಪಿಡಿಯನ್ನು ಓದಬೇಕು. ಹಿಂದೆ ಯಾರಾದರೂ ಅದನ್ನೇ ಹೇಳಿರುವರೇ ಎಂದು ಹುಡುಕಬೇಕು. ಬಳಿಕ ದೋಷವನ್ನು ತೋರಿಸುವ ಅತಿ ಚಿಕ್ಕ ಉದಾಹರಣೆ, ಬರಬೇಕಾದ ಉತ್ತರ, ಬಂದ ಉತ್ತರ, ಆವೃತ್ತಿಯ ಸಂಖ್ಯೆ ಇವನ್ನು ಹತ್ತು ಸಾಲುಗಳಲ್ಲಿ ಬರೆಯಬೇಕು. ಕನ್ನಡವರಿಯದ ಓದುಗನಿಗೆ ‘ಈ ನಾಲ್ಕು ಚೂರುಗಳು ಒಂದೇ ಊರಿನ ಹೆಸರು’ ಎಂಬ ಒಂದು ವಾಕ್ಯದ ವಿವರಣೆ ಬೇಕು. ಕೋಪದ ಮಾತು ಬೇಡ. ಆ ಕಡೆ ಕುಳಿತವರಲ್ಲಿ ಹಲವರು ಸಂಬಳವಿಲ್ಲದೆ ದುಡಿಯುವವರು.

ಹೇಳಿದೊಡನೆ ತಿದ್ದಿಯಾರೆಂಬ ಭ್ರಮೆಯೂ ಬೇಡ. ದೇವನಾಗರಿಯ ಪದಗಳು ಇದೇ ಸಂಕೇತದಿಂದ ಚೂರಾಗುತ್ತವೆಂದು ಪೈಥಾನಿನ ದೋಷಪಟ್ಟಿಯಲ್ಲಿ 2007ರಲ್ಲಿಯೇ ಬರೆದವರುಂಟು. ಯೂನಿಕೋಡಿನ ಪ್ರಮಾಣಕ್ಕೆ ಇದು ವಿರೋಧವೆಂದು 2011ರಲ್ಲಿ ಮತ್ತೊಬ್ಬರು ವಾದಿಸಿದರು. 2024ರಲ್ಲಿ ಬಂದ 3.13ನೆಯ ಆವೃತ್ತಿಯಲ್ಲಿಯೂ ನಡತೆ ಬದಲಾಗಲಿಲ್ಲ. ನೋಡಿಕೊಳ್ಳುವವರ ಕಷ್ಟವೂ ಸುಳ್ಳಲ್ಲ. ಕೈಪಿಡಿಯಲ್ಲಿ ಬರೆದಿರುವಂತೆಯೇ ಸಂಕೇತವು ನಡೆಯುತ್ತದೆ. ಇಂದಿನ ನಡತೆಯನ್ನೇ ನಂಬಿ ಬರೆದ ಪ್ರೋಗ್ರಾಮುಗಳು ಲೋಕದ ತುಂಬ ಇವೆ. ಬದಲಿಸಿದರೆ ಅವುಗಳಲ್ಲಿ ಕೆಲವು ಮುರಿಯಬಹುದು. ಆದರೆ ಪರ್ಲ್ ಭಾಷೆಯಲ್ಲಿ ಇದೇ ಸಂಕೇತವು ಗುಣಿತದ ಚಿಹ್ನೆಗಳನ್ನು ಪದದ ಅಂಗವೆಂದೇ ಸ್ವೀಕರಿಸುತ್ತದೆ; ಆಗದ ಕೆಲಸವಂತೂ ಇದಲ್ಲ. ದೇವನಾಗರಿಯವನು ಒಬ್ಬನೇ ಕೂಗಿದಾಗ ಅದು ಒಂದು ಲಿಪಿಯ ವಿಶೇಷವೆನಿಸಬಹುದು. ಕನ್ನಡ, ತೆಲುಗು, ಮಲಯಾಳಂಗಳವರು ತಮ್ಮ ತಮ್ಮ ಉದಾಹರಣೆಗಳನ್ನಿಟ್ಟರೆ ಅದು ಕೋಟಿಗಟ್ಟಲೆ ಜನರ ಅಳಲೆಂದು ತಿಳಿಯುತ್ತದೆ.

ತಪ್ಪು ತೋರಿಸಿದವನನ್ನು ಗೌರವಿಸುವ ಸಂಪ್ರದಾಯವೂ ಈ ವಿದ್ಯೆಯಲ್ಲಿದೆ. ಡೊನಾಲ್ಡ್ ಕ್ನೂತ್ ಎಂಬ ಮಹಾ ಪಂಡಿತರು ತಮ್ಮ ಪುಸ್ತಕಗಳಲ್ಲಿ ಮೊದಲಿಗೆ ತಪ್ಪನ್ನು ಕಂಡುಹಿಡಿದವರಿಗೆ 2.56 ಡಾಲರಿನ ಚೆಕ್ಕನ್ನು ಕಳುಹಿಸುತ್ತಿದ್ದರು. ಹಲವರು ಆ ಹಣವನ್ನು ಪಡೆಯದೆ ಚೆಕ್ಕಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದರು.

ನಮ್ಮ ಕರಾವಳಿಗೆ ಇಂಥ ಕೆಲಸ ಹೊಸದಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ವಿಜ್ಞಾನ ಪ್ರಪಂಚವನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯನ್ನೂ ಕಾಯಲಿಲ್ಲ. ಕನ್ನಡಕ್ಕೆ ಸುಲಭವಾದ ಕೀಲಿಮಣೆಯನ್ನು ರೂಪಿಸಿದ ಕಿನ್ನಿಕಂಬಳ ಪದ್ಮನಾಭ ರಾವ್ ಅವರೂ ಈ ಕಡಲತೀರದವರೇ. ಇಂದು ಬೇಕಾದುದು ಅಷ್ಟು ದೊಡ್ಡ ಸಾಹಸವೂ ಅಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಾಲೇಜುಗಳಲ್ಲಿ ಗಣಕವನ್ನು ಕಲಿಸುವ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಕೈಗೆ ಸುತ್ತಲಿನ ಊರುಗಳ ಹೆಸರಿನ ಒಂದು ಪಟ್ಟಿಯನ್ನು ಕೊಡಲಿ: ಹೆಮ್ಮಾಡಿ, ಕೋಟೇಶ್ವರ, ಉಪ್ಪುಂದ, ಮರವಂತೆ, ಸಾಲಿಗ್ರಾಮ. ಅರ್ಕಾವತ್ತಿಗಾಗಿ ಬಾರ್ಕೂರು ಅದರಲ್ಲಿ ಇರಲೇಬೇಕು. ಪ್ರತಿಯೊಂದು ಹೊಸ ಆವೃತ್ತಿ ಬಂದಾಗಲೂ ಆ ಪಟ್ಟಿಯನ್ನು ಅಳೆದು, ಮುರಿದು, ಜೋಡಿಸಿ ನೋಡಲಿ. ಹೆಸರು ಮುರಿದು ಬಂದ ದಿನ, ತೇಪೆ ಹಾಕುವ ಮೊದಲು, ಹತ್ತು ಸಾಲಿನ ಒಂದು ವರದಿಯನ್ನು ಬರೆಯಲಿ.